ಬಂದರಿನಲ್ಲಿ ಬಿಟ್ಟ ಜಾಗ

"ಗುರುಗಳೇ, ನನಗೆ ಏನನ್ನೂ ಕೊಡದವನಿಗೆ ನಾನು ಹೇಗೆ ಕೃತಜ್ಞನಾಗಿರಲಿ?" ಎಂದು ಬಸವಂತ ಕೇಳಿದ.

ಬಸವಂತ ಚಿತ್ರ ಕಲಿಯಲೆಂದು ಗುರುಗಳ ಮನೆಯಲ್ಲಿ ಹಲವು ವರ್ಷ ಇದ್ದವನು. ಕಲಿಕೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಹೊರಡುವವನಿದ್ದ. ತನಗೆ ನೆರವಾದವರಿಗೆಲ್ಲ ಒಂದೊಂದು ಚಿತ್ರ ಬರೆದು, ಸುರುಳಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದ. ಕೇಳಿದಾಗಲೆಲ್ಲ ಪುಕ್ಕಟೆ ಕಾಗದ ಕೊಟ್ಟ ಅಂಗಡಿಯವನಿಗೆ ಒಂದು. ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟ ಪಕ್ಕದ ಮನೆಯ ಅಜ್ಜಿಗೆ ಒಂದು. ಇಲ್ಲಿಗೆ ಕರೆತಂದು ಸೇರಿಸಿದ ಶಾಲೆಯ ಮೇಷ್ಟ್ರಿಗೆ ಒಂದು. ಗುರುಗಳು ಸುರುಳಿಗಳನ್ನೆಲ್ಲ ತಿರುಗಿಸಿ ನೋಡಿ, ಇದರಲ್ಲಿ ನಿನ್ನ ಅಣ್ಣನದು ಯಾವುದು ಎಂದಿದ್ದರು. ಅಣ್ಣನದು ಇರಲಿಲ್ಲ. ಅದಕ್ಕೇ ಈ ಪ್ರಶ್ನೆ ಬಂತು.

ಅಣ್ಣನ ಮೇಲೆ ತನಗೆ ಸಿಟ್ಟಿಲ್ಲ ಎಂದು ಬಸವಂತ ಹೇಳಿದ. ಹೇಳಿದ ರೀತಿಯಲ್ಲೇ ಸಿಟ್ಟು ಕಾಣುತ್ತಿತ್ತು. ಅಪ್ಪ ಅಮ್ಮ ಹೋದಮೇಲೆ ಉಳಿದವನು ಅವನೊಬ್ಬನೇ. ಚಿತ್ರ ಕಲಿಯಲು ಹೋಗುತ್ತೇನೆ ಎಂದಾಗ ಹೋಗು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲ ಬಂದು ನೋಡಲಿಲ್ಲ, ಒಂದು ಹಿಡಿ ಅವಲಕ್ಕಿಯನ್ನಾದರೂ ಕಳಿಸಲಿಲ್ಲ. ಈ ಯುಗಾದಿಗೆ ತಾನೇ ಮನಸ್ಸು ತಡೆಯದೆ ಹೋದರೆ, ಬಾ ಎಂಬ ಮಾತಿಲ್ಲ. ಊಟದ ಹೊತ್ತಿಗೆ ತನ್ನ ಹಳೆಯ ಮಣೆಯನ್ನು ಗದ್ದದಿಂದ ತೋರಿಸಿ ಕೂರು ಎಂದ, ಅಷ್ಟೇ. ತಾನು ಚಿಕ್ಕಂದಿನಲ್ಲಿ ಮೂಲೆಯಲ್ಲಿ ಮೊಳೆಯಿಂದ ಗಿಳಿ ಕೆತ್ತಿದ್ದ ಅದೇ ಮಣೆ. ಅಣ್ಣನ ಮಕ್ಕಳೆಲ್ಲ ಬರಿ ನೆಲದ ಮೇಲೆ ಊಟಕ್ಕೆ ಕೂತಿದ್ದವು. ಮಕ್ಕಳಿಗೆ ಮಣೆ ಮಾಡಿಸುವಷ್ಟೂ ಅವನ ಕೈ ಬಿಚ್ಚುವುದಿಲ್ಲ. ಚಿಕ್ಕವಳು ಆಸೆಪಟ್ಟು ಬಸವಂತನ ಮಣೆಯ ಮೇಲೆ ಕೂರಲು ಹೋದಳು. ಅವಳನ್ನೂ ಗದರಿ ಎಬ್ಬಿಸಿದ. ಅಂಥ ಜಿಪುಣ, ಅಂಥ ಒರಟ. ಅದಕ್ಕೆ ತಾನು ನಾಳೆ ಊರಿನ ದಾರಿ ಬಿಟ್ಟು ನೇರವಾಗಿ ಪೇಟೆಗೆ ಹೋಗುತ್ತೇನೆ, ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದು ಬಸವಂತ ಮಾತು ಮುಗಿಸಿದ.

ಗುರುಗಳು ಕುಂಚಗಳನ್ನು ತೊಳೆಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಕುಂಚದ ನೀರು ಝಾಡಿಸಿ, ಒಂದು ಕತೆ ಹೇಳುತ್ತೇನೆ, ಅಡ್ಡ ಬಾಯಿ ಹಾಕದೆ ಕೇಳು ಎಂದರು.

ಒಬ್ಬ ಚಿತ್ರಕಾರನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಕತೆ ಬಿಟ್ಟು ಅವನ ಚಿತ್ರ ಹುಡುಕಿಕೊಂಡು ಹೋಗುತ್ತೀಯೆ. ಅದು ನಾನಲ್ಲ; ಹಾಗೆ ನೋಡಬೇಡ. ಅವನಿಗೆ ಹಳೆಯದೆಂದರೆ ಪ್ರಾಣ. ಕೋಟೆ, ಬುರುಜು, ಪಾಳು ಬಾವಿ, ಏನು ಕಂಡರೂ ಹಲಗೆ ಬಿಚ್ಚಿ ಕೂತುಬಿಡುವನು. ಮನುಷ್ಯರು ಅಡ್ಡ ಬಂದರೆ, ಸ್ವಲ್ಪ ಆಚೆ ಸರಿಯಿರಿ ಎನ್ನುವನು.

ಅವನು ಒಂದು ದಿನ ಒಂದು ಹಳೆಯ ಬಂದರನ್ನು ನೋಡಲು ಹೋದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಕೊನೆಯ ಬಸ್ಸಿಗೆ ವಾಪಸು ಬರುವುದೆಂದು ಲೆಕ್ಕ. ಹೊಳೆ ಸಮುದ್ರಕ್ಕೆ ಸೇರುವ ಕಡೆ ಆ ಬಂದರು. ಒಂದು ಕಾಲದಲ್ಲಿ ದೂರದೇಶದ ಹಡಗುಗಳು ಮೆಣಸು ತುಂಬಿಕೊಳ್ಳಲು ಅಲ್ಲಿಗೆ ಬರುತ್ತಿದ್ದವಂತೆ. ಯಾವುದೋ ಅರಸು ಹೊಳೆಯ ದಂಡೆಗೆ ಹಡಗು ನಿಲ್ಲುವ ಕಲ್ಲಿನ ದಕ್ಕೆ ಕಟ್ಟಿಸಿ, ಉದ್ದಕ್ಕೂ ಹಗ್ಗ ಕಟ್ಟಲು ಕಲ್ಲಿನ ಗೂಟ ನೆಡಿಸಿದ್ದ. ಅರಸು ಹೋದ, ಮೆಣಸಿನ ಹಡಗುಗಳೂ ಹೋದವು. ಮೀನುಗಾರರು ಉಳಿದರು. ಈಗ ಒಂದೊಂದು ಗೂಟಕ್ಕೆ ಒಂದೊಂದು ಮನೆಯ ದೋಣಿ. ಅಜ್ಜ ಕಟ್ಟಿದ ಗೂಟಕ್ಕೇ ಮೊಮ್ಮಗನೂ ಕಟ್ಟುತ್ತಾನೆ.

ಚಿತ್ರಕಾರ ಎದುರಿನ ಮೆಟ್ಟಿಲ ಮೇಲೆ ಕೂತ. ಚೀಲದಲ್ಲಿದ್ದದ್ದರಲ್ಲಿ ಒಳ್ಳೆಯ ಕಾಗದ ತೆಗೆದ. ಶಾಯಿಯಲ್ಲಿ ಬರೆಯುತ್ತೇನೆ ಎಂದು ನಿಶ್ಚಯಿಸಿದ. ಶಾಯಿಯ ಗೆರೆ ಎಳೆದಮೇಲೆ ಅಳಿಸಲು ಬರುವುದಿಲ್ಲ, ಅದು ನಿನಗೂ ಗೊತ್ತು. ಅವನ ಕೈ ಪಳಗಿದ ಕೈ. ಕಲ್ಲು ಕಲ್ಲಾಗಿ ಬಂತು, ಮರ ಮರವಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಅವನಿಗೇ ಆಶ್ಚರ್ಯವಾಗುವಂತೆ ಚಿತ್ರ ಎದ್ದು ನಿಂತಿತು. ಇಷ್ಟು ಚೆನ್ನಾಗಿ ತಾನು ಹಿಂದೆಂದೂ ಬರೆದಿಲ್ಲ ಎನಿಸಿತು.

ಒಂದೇ ಒಂದು ಕಡೆ ಅವನಿಗೆ ಕಿರಿಕಿರಿ. ದೋಣಿಗಳ ಸಾಲಿನ ನಟ್ಟನಡುವೆ ಒಂದು ಗೂಟದ ಮುಂದೆ ದೋಣಿಯಿರಲಿಲ್ಲ. ಬಾಯಲ್ಲಿ ಮುಂದಿನ ಹಲ್ಲೇ ಇಲ್ಲದ ಹಾಗೆ ಬರಿ ನೀರು. ಹಾಗೆಂದು ಬಂದರಿನಲ್ಲಿ ದೋಣಿಗೆ ಬರವೇನೂ ಇರಲಿಲ್ಲ. ಹಿಂದಿನ ದಿನ ಸಮುದ್ರ ಕೆರಳಿತ್ತು. ಬೇರೆ ಊರಿನ ದೋಣಿಗಳೂ ಓಡಿ ಬಂದು ಅಲ್ಲೇ ಸೇರಿದ್ದವು. ಜಾಗ ಸಾಲದೆ ಕೆಲವರು ಬಂಡೆಗಳ ಪಕ್ಕ ಕಟ್ಟಿ, ದೋಣಿಯ ಮೈ ತರಚದ ಹಾಗೆ ಗೋಣಿಚೀಲ ಒಡ್ಡಿಕೊಂಡು ಕೂತಿದ್ದರು. ಬರುವವರೆಲ್ಲ ಆ ಖಾಲಿ ಜಾಗದ ತನಕ ಬರುವರು, ಗೂಟವನ್ನು ನೋಡುವರು, ಮಾತಾಡದೆ ಮುಂದೆ ಹೋಗಿ ಬಂಡೆಗೆ ಕಟ್ಟುವರು. ಹೆಂಚು ತುಂಬಿದ ದೋಣಿಯ ಒಬ್ಬ ವ್ಯಾಪಾರಿ ಮಾತ್ರ ಅಲ್ಲೇ ನಿಂತು ಕೈ ಬೀಸಿ ಕೂಗಾಡಿದ. ಪಕ್ಕದ ದೋಣಿಯ ಮುದುಕ ಎದ್ದು ಬಂದ. ಬಗ್ಗಿ ಆ ಗೂಟಕ್ಕೆ ಏನೋ ಮಾಡಿ ಮತ್ತೆ ಹೋಗಿ ತನ್ನ ದೋಣಿಯಲ್ಲಿ ಕೂತ. ವ್ಯಾಪಾರಿ ಶಾಪ ಹಾಕುತ್ತ ಬಂಡೆಯ ಕಡೆ ಹೋದ.

ಕಣ್ಣೆದುರು ಜಾಗವಿದ್ದರೂ ಬಂಡೆಗೆ ಮೈ ಉಜ್ಜಿಕೊಳ್ಳುವ ಜನ, ಇವರಿಗೆ ಬುದ್ಧಿ ಯಾವಾಗ ಬರುತ್ತದೋ ಎಂದುಕೊಂಡ ಚಿತ್ರಕಾರ. ಅವರಿಗೆ ಇಲ್ಲದ ಬುದ್ಧಿ ತನಗಿದೆಯಲ್ಲ. ಕುಂಚವನ್ನು ಶಾಯಿಗೆ ಅದ್ದಿ, ಆ ಖಾಲಿ ಜಾಗದಲ್ಲಿ ಒಂದು ದೋಣಿ ಬರೆದುಬಿಟ್ಟ. ಒಳ್ಳೆಯ ದೋಣಿಯೇ. ಸಾಲು ತುಂಬಿತು, ಚಿತ್ರ ಮುಗಿಯಿತು. ಅವನು ಕೈ ಚಾಚಿ ಹಿಡಿದು ನೋಡಿ ಸಂತೋಷಪಟ್ಟ.

ಆ ಮೆಟ್ಟಿಲ ಕೊನೆಯಲ್ಲಿ ಒಬ್ಬ ಮೀನುಗಾರ್ತಿ ಬೆಳಗಿನಿಂದ ಕೂತಿದ್ದಳು. ಪಕ್ಕದಲ್ಲಿ ಖಾಲಿ ಬುಟ್ಟಿ. ಕೆಲಸವಿಲ್ಲದೆ ಕೂತಿದ್ದಾಳೆ ಎಂದು ಚಿತ್ರಕಾರ ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಳು ಎದ್ದು ಬಂದು ಅವನ ಹಿಂದೆ ನಿಂತು ಕಾಗದವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹೊಗಳುತ್ತಾಳೆ ಎಂದು ಅವನು ಕಾದ.

"ಇದ್ ಯಾರ್ ದೋಣಿ ಮಾರ್ರೆ?" ಎಂದು ಅವಳು ನಡುವಿನ ದೋಣಿಗೆ ಬೆರಳು ತೋರಿಸಿದಳು.

"ಯಾರದೂ ಅಲ್ಲ. ಚಿತ್ರಕ್ಕೆ ಬೇಕಿತ್ತು, ಬರೆದೆ."

"ಅದ್ ನಮ್ ದೋಣಿ ಜಾಗ. ದೋಣಿ ಇನ್ನೂ ಬರ್ಲಿಲ್ಲ."

ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಗಂಡ ಮತ್ತು ಮೈದುನ ಆ ದೋಣಿಯಲ್ಲಿ ಹೋಗಿದ್ದಾರೆ, ಜೊತೆಗೆ ಹೋದವರೆಲ್ಲ ನಿನ್ನೆಯೇ ವಾಪಸಾದರು, ತಮ್ಮದೊಂದು ಮಾತ್ರ ಕಾಣೆ ಎಂದು ಹೇಳಿದಳು. ಅವನು ಕೇಳಿದ್ದಕ್ಕೆ ಆ ಬಂದರಿನ ಪದ್ಧತಿಯನ್ನೂ ಹೇಳಿದಳು. ಒಂದು ದೋಣಿ ಕಡಲಿಗೆ ಹೋದರೆ ಅದರ ಎಡಬಲದ ದೋಣಿಯವರು ತಮ್ಮ ಹಗ್ಗದ ತುದಿಯನ್ನು ಆ ಖಾಲಿ ಗೂಟಕ್ಕೆ ಒಂದು ಸುತ್ತು ಸುತ್ತಿಡಬೇಕು. ಹಗ್ಗ ಸುತ್ತಿದ ಗೂಟಕ್ಕೆ ಬೇರೆ ಯಾರೂ ಕಟ್ಟುವಂತಿಲ್ಲ. ಸೋತು ಸುಣ್ಣವಾಗಿ ಬರುವ ದೋಣಿಗೆ ಕಟ್ಟುವ ಜಾಗ ಸಿಗದೆ ಹೋದರೆ, ಅದು ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲೇ ನಿಲ್ಲಬೇಕಾಗುತ್ತದೆ. ಅಲ್ಲಿ ಮರಳದಿಬ್ಬ, ಮೇಲೆ ಅಲೆ. ಹಿಂದೊಮ್ಮೆ ಕಡಲು ದಾಟಿ ಬಂದವರು ಮನೆಯ ದೀಪ ಕಾಣುವ ಕಡೆ ಮುಳುಗಿದ್ದುಂಟು. ಆವತ್ತಿನಿಂದ ಈ ಪದ್ಧತಿ.

ಇದು ಬರಿ ಚಿತ್ರ ತಾಯಿ, ಇದರಿಂದ ಯಾವ ದೋಣಿಯೂ ಬರುವುದಿಲ್ಲ, ಯಾವ ದೋಣಿಯೂ ನಿಲ್ಲುವುದಿಲ್ಲ ಎಂದ ಚಿತ್ರಕಾರ. ಅವನು ಹೇಳಿದ್ದು ಸುಳ್ಳೇನಲ್ಲ.

ಅವಳು ಹೌದು ಎಂಬಂತೆ ತಲೆಯಾಡಿಸಿದಳು. ಆಮೇಲೆ ಒಂದು ಮಾತು ಹೇಳಿದಳು.

"ಅವ್ರೆಲ್ಲ ಜಾಗ ಬಿಟ್ಟ್ ಕೂತಿದ್ರ್. ನೀವ್ ಒಬ್ರೇ ಬೇರೆ ದೋಣಿ ತಂದ್ ಕಟ್ಟಿದ್ದ್."

ಹೇಳಿ ಮೊದಲಿನ ಜಾಗಕ್ಕೆ ಹೋಗಿ ಕೂತಳು.

ಚಿತ್ರಕಾರ ಆಗ ಮೊದಲ ಸಲ ಆ ಗೂಟವನ್ನು ಸರಿಯಾಗಿ ನೋಡಿದ. ಎರಡು ಹಗ್ಗ, ಎರಡು ಕಡೆಯಿಂದ. ಮುದುಕನ ಹಗ್ಗ ಒಂದು ಸುತ್ತಲ್ಲ, ಎರಡು ಸುತ್ತು ಇತ್ತು. ವ್ಯಾಪಾರಿ ಕೂಗಾಡಿದಾಗ ಅವನು ಬಗ್ಗಿ ಮಾಡಿದ್ದು ಅದನ್ನೇ. ಬೆಳಗಿನಿಂದ ಕಣ್ಣು ಕೀಲಿಸಿ ಕೂತವನಿಗೆ ಇದು ಕಂಡಿರಲಿಲ್ಲ. ಕಾಣುವ ಮುಂಚೆಯೇ ಅದರ ಮೇಲೆ ದೋಣಿ ಬರೆದು ಮುಚ್ಚಿದ್ದ. ಅವನಿಗೆ ನಾಚಿಕೆಯಾಯಿತು. ತನ್ನ ಜೀವಮಾನದ ಒಳ್ಳೆಯ ಚಿತ್ರ ಕೈಯಲ್ಲಿತ್ತು, ಅದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ಮಡಚಿ ಚೀಲಕ್ಕೆ ಹಾಕಿದ.

ಬೇರೆ ಕಾಗದ ತೆಗೆದ. ಅದು ಸಾಧಾರಣ ಕಾಗದ. ಬಿಸಿಲು ಇಳಿಯುತ್ತಿತ್ತು. ಈ ಸಲ ಅವನು ದಕ್ಕೆ ಬರೆಯಲಿಲ್ಲ, ದೋಣಿಗಳ ಉದ್ದ ಸಾಲು ಬರೆಯಲಿಲ್ಲ. ಎರಡು ದೋಣಿ, ನಡುವೆ ನೀರು, ಹಗ್ಗ ಸುತ್ತಿದ ಗೂಟ, ಇಷ್ಟೇ ಬರೆದ. ನೀವೆಲ್ಲ ನೀರೆಂದರೆ ನಾಲ್ಕು ಗೀರು ಎಳೆದು ಏಳುತ್ತೀರಿ. ಖಾಲಿ ನೀರನ್ನು ಖಾಲಿಯಾಗಿಯೇ ಬರೆಯುವುದು ಎಷ್ಟು ಕಷ್ಟ ಎಂದು ಅವನಿಗೆ ಆವತ್ತು ಗೊತ್ತಾಯಿತು. ಗೆರೆ ಹೆಚ್ಚಾದರೆ ಜಾಗ ತುಂಬಿಹೋಗುತ್ತದೆ. ಕಡಿಮೆಯಾದರೆ ಮರೆತು ಬಿಟ್ಟಂತೆ ಕಾಣುತ್ತದೆ. ಯಾರೋ ಬರಲಿಕ್ಕಿದೆ ಎಂದು ಕಾಣಬೇಕು. ಅವನು ಬರೆದ, ನೋಡಿದ, ಮತ್ತೆ ಬರೆದ.

ಕೊನೆಯ ಬಸ್ಸು ಹಾರ್ನ್ ಹಾಕಿತು. ಅವನಿಗೆ ಕೇಳಿಸಿತು. ಎದ್ದರೆ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಒಂದು ನೆಪ. ನಿಜವಾಗಿ ಆ ಹೆಂಗಸೊಬ್ಬಳನ್ನೇ ಅಲ್ಲಿ ಬಿಟ್ಟು ಏಳಲು ಅವನ ಕಾಲು ಬರಲಿಲ್ಲ. ಬಸ್ಸು ಹೋಯಿತು. ಅವಳು ಅಳಿವೆಯ ಕಡೆ ನೋಡುತ್ತಿದ್ದಳು, ಅವನು ಖಾಲಿ ಜಾಗದ ಕಡೆ ನೋಡುತ್ತಿದ್ದ.

ಸೂರ್ಯ ಮುಳುಗುವ ಹೊತ್ತಿಗೆ ಅಳಿವೆಯಲ್ಲಿ ಒಂದು ದೋಣಿ ಕಾಣಿಸಿತು. ಚುಕ್ಕಾಣಿ ಮುರಿದಿತ್ತು. ಒಬ್ಬ ಹಿಂದೆ ನಿಂತು ಹುಟ್ಟನ್ನೇ ಚುಕ್ಕಾಣಿ ಮಾಡಿಕೊಂಡು ತಿರುಗಿಸುತ್ತಿದ್ದ, ಇನ್ನೊಬ್ಬ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಇಬ್ಬರಲ್ಲೂ ಜಾಗ ಹುಡುಕುವ ಶಕ್ತಿ ಉಳಿದಿರಲಿಲ್ಲ. ಹುಡುಕಬೇಕಾಗಿಯೂ ಬರಲಿಲ್ಲ. ಮುದುಕ ತನ್ನ ಹಗ್ಗ ಬಿಚ್ಚಿದ. ಆ ಕಡೆಯವನು ತನ್ನದನ್ನು ಬಿಚ್ಚಿದ. ಇಬ್ಬರೂ ಹಗ್ಗ ಎಸೆದು ಎಳೆದರು. ದೋಣಿ ಸೀದಾ ಬಂದು ತನ್ನ ಗೂಟದ ಮುಂದೆ ನಿಂತಿತು. ಬೆಳಿಗ್ಗೆ ಕೂಗಾಡಿದ ವ್ಯಾಪಾರಿಯೂ ಓಡಿಬಂದು ನೀರಿಗಿಳಿದು ಹಿಡಿದ. ಬೆಳಗಿನಿಂದ ಕಲ್ಲಿನ ಹಾಗೆ ಕೂತಿದ್ದ ಆ ಹೆಂಗಸು ಆಗ ಅತ್ತಳು. ಚಿತ್ರಕಾರನ ಕಣ್ಣಲ್ಲೂ ನೀರು ಬಂತು. ಅವರು ಯಾರೋ, ಇವನು ಯಾರೋ, ಆದರೂ ಬಂತು.

ಮೀನು ಹೆಚ್ಚೇನೂ ಸಿಕ್ಕಿರಲಿಲ್ಲ. ಇದ್ದಷ್ಟನ್ನು ಬುಟ್ಟಿಗೆ ಸುರಿದರು. ದೋಣಿ ಬಂದಮೇಲೆ ಮೊದಲ ಮೀನು ಜಾಗ ಕಾದವರಿಗೆ ಹೋಗಬೇಕು. ಜಾಗದ ಪಾಲು ಎಂದು ಅದಕ್ಕೆ ಅವರ ಮಾತು. ಅವಳು ಬುಟ್ಟಿ ಹೊತ್ತು ಮುದುಕನಿಗೆ ಒಂದು ಕೊಟ್ಟಳು. ಆ ಕಡೆಯವನಿಗೆ ಒಂದು ಕೊಟ್ಟಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ಚಿತ್ರಕಾರನ ಮುಂದೆ ಒಂದು ಹಿಡಿದಳು. ಅವರಿಬ್ಬರಿಗೆ ಕೊಟ್ಟಷ್ಟೇ ದೊಡ್ಡದು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ನನಗೆ ಯಾಕಮ್ಮ? ನಾನು ಏನೂ ಮಾಡಲಿಲ್ಲ. ಸುಮ್ಮನೆ ಕೂತಿದ್ದೆ."

"ಅವ್ರ್ ಮಾಡಿದ್ದೂ ಅಷ್ಟೇ, ಮಾರ್ರೆ" ಎಂದಳು ಅವಳು.

ಅವನು ಎರಡೂ ಕೈಯಲ್ಲಿ ಮೀನು ತೆಗೆದುಕೊಂಡ. ಹಿಡಿದುಕೊಂಡು ಹೋಗಲು ಏನೂ ಇರಲಿಲ್ಲ. ಚೀಲದಿಂದ ಆ ಒಳ್ಳೆಯ ಚಿತ್ರವನ್ನು ತೆಗೆದು ಅದರಲ್ಲಿ ಸುತ್ತಿದ. ಇದನ್ನು ಕೇಳಿ ನಿನಗೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಅವನಿಗೆ ಉರಿಯಲಿಲ್ಲ. ಮೀನಿನ ಲಾರಿಯೊಂದು ಅವನ ಊರಿನ ಕಡೆ ಹೋಗುವುದಿತ್ತು. ಅದರಲ್ಲಿ ಕೂತು ಬಂದ. ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ಚಿತ್ರ ಬರೆಯಲು ಹೋಗಿದ್ದೋ ಬಲೆ ಬೀಸಲು ಹೋಗಿದ್ದೋ ಎಂದು ಕೇಳಿದಳಂತೆ. ಅವನು ಆ ಎರಡನೆಯ ಚಿತ್ರವನ್ನು ಗೋಡೆಗೆ ಹಾಕಿದ. ಬಂದವರು ನೋಡಿ, ಇದರ ನಡುವೆ ಏನೂ ಇಲ್ಲವಲ್ಲ ಎನ್ನುತ್ತಿದ್ದರು. ಅವನು ನಗುತ್ತಿದ್ದ. ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಗಳಿಗೆ ನಿಂತು ಕೆಲಸಕ್ಕೆ ಕೂರುತ್ತಿದ್ದ. ಆ ಊರಿನವರು ತನ್ನನ್ನೂ ನೆರೆಯವನೆಂದು ಎಣಿಸಿ ಪಾಲು ಕೊಟ್ಟರಲ್ಲ ಎಂಬ ಸಂತೋಷ ಅವನಿಗೆ ಕೊನೆಯ ತನಕ ಇತ್ತು.

ಇಷ್ಟೇ ಕತೆ ಎಂದು ಗುರುಗಳು ಕುಂಚಗಳನ್ನು ಒಣಗಲು ಇಟ್ಟರು.

ಬಸವಂತನಿಗೆ ಕತೆ ಹಿಡಿಸಿತು. ಹಾಗೆಂದು ಹೇಳಿಯೂ ಹೇಳಿದ. ಬಂದರಿನವರು ದೊಡ್ಡವರು, ಅವರಿಗೆ ಕೈ ಮುಗಿಯಬೇಕು ಎಂದ. ಚಿತ್ರಕಾರನ ಹಾಗೆ ಸುಮ್ಮನೆ ಕೂತವನಿಗೂ ಪಾಲಿದೆ ಎಂಬುದನ್ನು ಒಪ್ಪಿದ. ಆದರೆ ತನ್ನ ಪ್ರಶ್ನೆ ಇದ್ದಲ್ಲೇ ಇದೆ ಎಂದ. ಅಲ್ಲಿ ಮುದುಕ ಹಗ್ಗವನ್ನಾದರೂ ಸುತ್ತಿದ್ದ, ವ್ಯಾಪಾರಿಯ ಬೈಗುಳವನ್ನಾದರೂ ತಿಂದಿದ್ದ. ತನ್ನ ಅಣ್ಣ ತನಗಾಗಿ ಏನು ಮಾಡಿದ್ದಾನೆ? ಇಷ್ಟು ಹೇಳಿ ಅವನು ಸುರುಳಿಗಳನ್ನು ಗಂಟು ಕಟ್ಟತೊಡಗಿದ.

ಗುರುಗಳು ಅವನ ಮುಖವನ್ನು ನೋಡಿದರು.

"ಬಸವಂತ, ಆ ಮಕ್ಕಳು ನೆಲದ ಮೇಲೆ ಕೂತು ಉಂಡ ಇಷ್ಟು ವರ್ಷ, ನಿನ್ನ ಮಣೆಯ ಮೇಲೆ ಯಾರು ಕೂತಿದ್ದರು?"

ಬಸವಂತ ಗಂಟನ್ನು ಬಿಚ್ಚಿಟ್ಟು, ಹೊಸದೊಂದು ಕಾಗದ ತೆಗೆದುಕೊಂಡ.